ಶಿಕ್ಷೆಗೆ ಕಾಯುತ್ತಿದ್ದವಳು: ಒಂದು ಆಪ್ತಸಲಹೆ ಪ್ರಕರಣ

ಗುರುತು ಸಿಗಬಾರದೆಂದು ಕೆಲವು ವಿವರಗಳನ್ನು ಬದಲಾಯಿಸಿದ್ದೇನೆ. ಬರೆಯಲು ಆಕೆಯ ಒಪ್ಪಿಗೆ ಇದೆ.

ಆಕೆಗೆ ಮೂವತ್ತು ದಾಟಿದೆ. ಮದುವೆಯಾಗಿದೆ, ಒಂದು ಮಗುವಿದೆ. ಹುಟ್ಟಿನಿಂದಲೇ ಕ್ರೈಸ್ತ ಮನೆತನ. ಭಾನುವಾರದ ಶಾಲೆಯಲ್ಲಿ ಮಕ್ಕಳಿಗೆ ಪಾಠ ಮಾಡುತ್ತಾಳೆ. ನನ್ನ ಬಳಿ ಬಂದಿದ್ದು ನಿದ್ದೆ ಬರುವುದಿಲ್ಲ ಎಂದು. ಕೇಳುತ್ತಾ ಹೋದಂತೆ ವಿಷಯ ಬೇರೆಯೇ ಇತ್ತು.

ರಾತ್ರಿ ಮಲಗುವ ಮುಂಚೆ ಮನೆಯವರ ಒಬ್ಬೊಬ್ಬರ ಹೆಸರು ಹೇಳಿ ಪ್ರಾರ್ಥಿಸಬೇಕು. ಮಧ್ಯೆ ಮನಸ್ಸು ಆಚೀಚೆ ಹೋದರೆ ಮತ್ತೆ ಮೊದಲಿಂದ ಶುರು. ಯಾರದೋ ಹೆಸರು ಬಿಟ್ಟುಹೋಯಿತೇನೋ ಅನ್ನಿಸಿದರೂ ಮೊದಲಿಂದ. ಮಗುವಿಗೆ ಜ್ವರ ಬಂದರೆ ಆಕೆ ಥರ್ಮಾಮೀಟರ್ ಹುಡುಕುವ ಮುಂಚೆ ತಾನು ಮಾಡಿದ ಪಾಪ ಹುಡುಕುತ್ತಿದ್ದಳು. "ದೇವರು ನನ್ನನ್ನು ಪ್ರೀತಿಸ್ತಾನೆ ಅಂತ ಗೊತ್ತು. ಮಕ್ಕಳಿಗೂ ಅದನ್ನೇ ಕಲಿಸ್ತೀನಿ. ಆದ್ರೆ ಏನಾದ್ರೂ ಒಳ್ಳೇದಾದ್ರೆ ನನಗೆ ಭಯ. ಇದರ ಹಿಂದೆ ಶಿಕ್ಷೆ ಬರುತ್ತೆ ಅಂತ ಕಾಯ್ತಾ ಇರ್ತೀನಿ" ಎಂದಳು.

ಚರ್ಚಿನ ಸಭೆಯಲ್ಲಿ ಆಕೆಗೆ ಬುದ್ಧಿಮಾತಿಗೇನೂ ಕಮ್ಮಿ ಇರಲಿಲ್ಲ. ಜಾಸ್ತಿ ಪ್ರಾರ್ಥಿಸು, ಉಪವಾಸ ಮಾಡು, 'ಹೆದರಬೇಡ' ಅನ್ನುವ ಮಾತು ಬೈಬಲ್‌ನಲ್ಲಿ 365 ಸಲ ಇದೆ, ದಿನಕ್ಕೊಂದು. ಆ ಲೆಕ್ಕ ಸರಿಯಲ್ಲ, ಅದು ಇರಲಿ. ಹೇಳಿದವರ ಮನಸ್ಸು ಒಳ್ಳೆಯದೇ. ಆದರೆ ಆಕೆಯ ಕಿವಿಗೆ 'ಹೆದರಬೇಡ' ಅನ್ನುವುದೂ ಒಂದು ಆಜ್ಞೆಯಾಗಿ ಕೇಳಿಸಿತು. ಹೆದರಿಕೆ ಹೋಗದಿದ್ದಾಗ ಅದನ್ನೂ ಮೀರಿದ ಹಾಗಾಯಿತು. ಪಾಪದ ಪಟ್ಟಿಗೆ ಇನ್ನೊಂದು ಸೇರಿತು, ಅಷ್ಟೇ.

ನಾನು ಮೊದಲು ಮಾಡಿದ ಕೆಲಸ ಆಕೆಯನ್ನು ಮನೋವೈದ್ಯರ ಬಳಿ ಕಳುಹಿಸಿದ್ದು. ಪ್ರಾರ್ಥನೆಯನ್ನು ಹೀಗೆ ಮತ್ತೆ ಮತ್ತೆ ಮಾಡದೆ ಇರಲಾಗದ ಸ್ಥಿತಿಯಲ್ಲಿ ಗೀಳು ಕಾಯಿಲೆಯ (ಒಸಿಡಿ) ಲಕ್ಷಣ ಇರಬಹುದು. ಭಕ್ತಿಯ ವೇಷದಲ್ಲಿ ಬರುವುದರಿಂದ ಮನೆಯವರಿಗೆ ಬೇಗ ಗೊತ್ತಾಗುವುದಿಲ್ಲ. ವೈದ್ಯರೂ ಅದನ್ನೇ ಹೇಳಿ ಮಾತ್ರೆ ಕೊಟ್ಟರು. "ಮಾತ್ರೆ ತಗೊಂಡ್ರೆ ವಿಶ್ವಾಸ ಇಲ್ಲ ಅಂತ ಆಗಲ್ವಾ?" ಎಂದು ಕೇಳಿದಳು. ಬೈಬಲ್‌ನ ಪ್ರವಾದಿ ಎಲೀಯನ ಕಥೆ ನೆನಪಿಸಿದೆ. ಜೀವಭಯದಿಂದ ಓಡಿ ಬಂದು, ಸಾಕು, ಸಾಯುತ್ತೇನೆ ಎಂದು ಗಿಡದ ಕೆಳಗೆ ಮಲಗಿದವನಿಗೆ ದೇವರು ಮೊದಲು ಕೊಟ್ಟಿದ್ದು ಉಪದೇಶವಲ್ಲ. ಊಟ, ನೀರು, ನಿದ್ದೆ. ಅದೂ ಎರಡು ಸಲ. ಮಾತುಕತೆ ಆಮೇಲೆ. ಹೊಟ್ಟೆಗೆ ಕೊಟ್ಟ ದೇವರು ಮೆದುಳಿಗೂ ಕೊಡುತ್ತಾನೆ ಎಂದೆ. ಇದನ್ನು ಸಭಾಪಾಲಕರು ವೇದಿಕೆಯಿಂದಲೇ ಹೇಳಬೇಕು ಅನ್ನುವುದು ನನ್ನ ಆಸೆ.

ಈ ಗೀಳು ಕೆಲಸ ಮಾಡುವ ರೀತಿ ಆಕೆಗೂ ಗಂಡನಿಗೂ ತಿಳಿಯಬೇಕಿತ್ತು. ಪ್ರಾರ್ಥನೆಯನ್ನು ಮತ್ತೊಮ್ಮೆ ಮಾಡಿದರೆ ಒಂದು ಕ್ಷಣ ನೆಮ್ಮದಿ. ಆ ನೆಮ್ಮದಿಯಿಂದ ಮನಸ್ಸು ಕಲಿಯುವ ಪಾಠ ಒಂದೇ: 'ಮತ್ತೊಮ್ಮೆ ಮಾಡಿದ್ದಕ್ಕೆ ಬಚಾವಾದೆ'. ಮುಂದಿನ ಸಲ ಸಂಶಯ ಇನ್ನೂ ಜೋರಾಗಿ ಬರುತ್ತದೆ. ಗಂಡನನ್ನು "ದೇವರು ಕ್ಷಮಿಸಿದ್ದಾನೆ ಅಲ್ವಾ?" ಎಂದು ಕೇಳುವುದೂ ಇದೇ ಥರ. ಅವನು ಪ್ರೀತಿಯಿಂದಲೇ ಪ್ರತಿ ಸಲ ಹೌದು ಅನ್ನುತ್ತಿದ್ದ. ಅದನ್ನು ನಿಲ್ಲಿಸಲು ಹೇಳಿದೆ. ಉತ್ತರ ಕೊಡಬೇಡ, ಪಕ್ಕದಲ್ಲಿ ಕೂತುಕೋ, ಕೈ ಹಿಡಿದುಕೋ ಎಂದೆ. ಅವನಿಗೆ ಇದು ಕಟುಕತನ ಅನ್ನಿಸಿತು. ಆಕೆಗೂ ಮೊದಮೊದಲು ಕೋಪ ಬಂತು.

ಇಷ್ಟು ಚಿಕಿತ್ಸೆಯ ಮಾತು. ಆದರೆ ಆಕೆಯ ಹೆದರಿಕೆಗೆ ಇನ್ನೊಂದು ಬೇರು ಇತ್ತು. ಆಕೆಯ ಅಪ್ಪ ಹೊಡೆಯುತ್ತಿರಲಿಲ್ಲ, ಬೈಯುತ್ತಲೂ ಇರಲಿಲ್ಲ. ಮಾತು ಬಿಡುತ್ತಿದ್ದರು. ಎಷ್ಟೋ ದಿನ. ಏನು ತಪ್ಪಾಯಿತು ಎಂದು ಮಗಳೇ ಕಂಡುಹಿಡಿದು, ಸರಿಯಾದ ಮಾತಲ್ಲಿ ಕ್ಷಮೆ ಕೇಳಿದ ಮೇಲೆ ಮತ್ತೆ ಅಪ್ಪನಾಗುತ್ತಿದ್ದರು. ದೇವರ ಬಳಿಗೂ ಆಕೆ ಇದೇ ದಾರಿಯಲ್ಲಿ ಹೋಗುತ್ತಿದ್ದಳು. ಪ್ರೀತಿ ಇದೆ, ಆದರೆ ಸರಿಯಾಗಿ ಕೇಳಿದರೆ ಮಾತ್ರ.

ಯೇಸು ಹೇಳಿದ ತಲಾಂತುಗಳ ಸಾಮ್ಯದಲ್ಲಿ, ಅಂದರೆ ಯಜಮಾನ ಮೂವರು ಆಳುಗಳಿಗೆ ಹಣ ಒಪ್ಪಿಸಿ ಹೋಗುವ ಕಥೆಯಲ್ಲಿ, ಮೂರನೇ ಆಳು ಹೇಳುವ ಮಾತು ಇದೇ ಅಲ್ವಾ? ನೀನು ಕಠಿಣ ಮನುಷ್ಯ ಅಂತ ನನಗೆ ಗೊತ್ತಿತ್ತು, ಅದಕ್ಕೆ ಹೆದರಿ ನಿನ್ನ ಹಣ ಬಚ್ಚಿಟ್ಟೆ. ಯಜಮಾನನ ಬಗ್ಗೆ ಅವನ ತಲೆಯಲ್ಲಿದ್ದ ಚಿತ್ರವೇ ಅವನ ಕೈ ಕಟ್ಟಿಹಾಕಿತು. ಆದಿಕಾಂಡದಲ್ಲಿ ಆದಾಮನೂ ಹಾಗೆಯೇ, ಹೆದರಿ ಅಡಗಿಕೊಂಡೆ ಅನ್ನುತ್ತಾನೆ. ಅಡಗಿದವನನ್ನು ಎಲ್ಲಿದ್ದೀ ಎಂದು ಕೇಳುತ್ತಾ ಬಂದದ್ದು ದೇವರೇ. ಕೊನೆಗೆ ಬಟ್ಟೆ ಮಾಡಿ ತೊಡಿಸಿದವನೂ ಆತನೇ.

ಆಕೆಯ ಬಳಿ ಇದಕ್ಕೆ ಎದುರು ಪ್ರಶ್ನೆ ಸಿದ್ಧವಿತ್ತು. "ಯೆಹೋವನ ಭಯವೇ ಜ್ಞಾನಕ್ಕೆ ಮೂಲ ಅಂತಲೂ ಇದೆಯಲ್ಲ?" ಒಳ್ಳೆಯ ಪ್ರಶ್ನೆ. ಇದನ್ನು ತಳ್ಳಿಹಾಕಬಾರದು. 130ನೇ ಕೀರ್ತನೆ ತೆಗೆದೆವು. ನಿನ್ನಲ್ಲಿ ಕ್ಷಮೆ ಇದೆ, ಅದಕ್ಕೇ ನಿನಗೆ ಭಯಪಡುತ್ತೇವೆ ಅನ್ನುವ ಅರ್ಥ ಅಲ್ಲಿದೆ. ಕ್ಷಮೆ ಸಿಕ್ಕ ಮೇಲೆ ಹುಟ್ಟುವ ಭಯ ಅದು. ಅದು ಹತ್ತಿರಕ್ಕೆ ಕರೆದುಕೊಂಡು ಹೋಗುತ್ತದೆ. ಮರದ ಹಿಂದೆ ಅಡಗಿಸುವುದಿಲ್ಲ.

ಇನ್ನೊಂದು ವಚನ ಆಕೆಯನ್ನು ಬಹಳ ಕಾಡಿತ್ತು. ಯೋಹಾನನ ಮೊದಲನೆಯ ಪತ್ರಿಕೆ, 4ನೇ ಅಧ್ಯಾಯ, 18ನೇ ವಚನ. ಪೂರ್ಣ ಪ್ರೀತಿ ಹೆದರಿಕೆಯನ್ನು ಹೊರಗೆ ಹಾಕುತ್ತದೆ ಎಂಬುದು. "ನನಗೆ ಹೆದರಿಕೆ ಇದೆ. ಅಂದ್ರೆ ನಾನು ದೇವರನ್ನು ಪೂರ್ತಿ ಪ್ರೀತಿಸ್ತಿಲ್ಲ" ಎಂದು ಆಕೆ ಓದಿಕೊಂಡಿದ್ದಳು. ಆ ಅಧ್ಯಾಯವನ್ನು 10ನೇ ವಚನದಿಂದ ಓದಿಸಿದೆ. ನಾವು ದೇವರನ್ನು ಪ್ರೀತಿಸಿದ್ದರಲ್ಲಿ ಅಲ್ಲ, ಆತನೇ ನಮ್ಮನ್ನು ಪ್ರೀತಿಸಿ ಮಗನನ್ನು ಕಳುಹಿಸಿದ್ದರಲ್ಲಿ ಪ್ರೀತಿ ಇದೆ ಎಂದು ಅಲ್ಲಿ ಶುರುವಾಗುತ್ತದೆ. 19ನೇ ವಚನದಲ್ಲಿ ಆತನೇ ಮೊದಲು ಪ್ರೀತಿಸಿದನು ಎಂದು ಮತ್ತೆ ಬರುತ್ತದೆ. ನಡುವೆ ಇರುವ 18ನೇ ವಚನ ಅಳತೆಗೋಲು ಹೇಗಾದೀತು? ಹೆದರಿಕೆಯನ್ನು ಹೊರಗೆ ಹಾಕುವ ಕೆಲಸ ಆಕೆಯದಲ್ಲ. ಆಕೆ ಮಾಡಬೇಕಾದದ್ದು, ಬರುತ್ತಿರುವ ಪ್ರೀತಿಯನ್ನು ಸುಮ್ನೆ ಬರಲು ಬಿಡುವುದು.

ಅದೇ ಕಷ್ಟ. ಕೊಡುವುದು ಗೊತ್ತಿದ್ದವರಿಗೆ ತೆಗೆದುಕೊಳ್ಳುವುದು ಬರುವುದಿಲ್ಲ. ಕ್ರೈಸ್ತ ಸುಧಾರಕ ಮಾರ್ಟಿನ್ ಲೂಥರ್ ಕೂಡ ಇಲ್ಲೇ ಸಿಕ್ಕಿಬಿದ್ದವನು. 1505ರಲ್ಲಿ ಸಿಡಿಲಿಗೆ ಹೆದರಿ ಹರಕೆ ಹೊತ್ತು ಮಠ ಸೇರಿದ. ಅಲ್ಲಿ ಗಂಟೆಗಟ್ಟಲೆ ಪಾಪ ನಿವೇದನೆ ಮಾಡಿದರೂ ನೆಮ್ಮದಿ ಇಲ್ಲ. ಅವನ ಹಿರಿಯ ಗುರು ಸ್ಟೌಪಿಟ್ಸ್ ಅವನಿಗೆ ಹೇಳುತ್ತಾ ಬಂದದ್ದು, ನಿನ್ನನ್ನು ನೋಡಿಕೊಳ್ಳುವುದು ಬಿಟ್ಟು ಕ್ರಿಸ್ತನ ಗಾಯಗಳನ್ನು ನೋಡು ಎಂದು. ಇದನ್ನು ಕೇಳಿ ಆಕೆ ಮೊದಲ ಸಲ ನಕ್ಕಳು. ತಾನೊಬ್ಬಳೇ ಅಲ್ಲ ಅನ್ನುವುದೂ ಒಂದು ಔಷಧ.

ಒಂದು ದಿನ ಲೂಕನ ಸುವಾರ್ತೆಯ 15ನೇ ಅಧ್ಯಾಯದಿಂದ, ಮನೆ ಬಿಟ್ಟು ಹೋಗಿ ಆಸ್ತಿಯೆಲ್ಲ ಹಾಳುಮಾಡಿದ ಮಗನ ಕಥೆಯನ್ನು ಗಟ್ಟಿಯಾಗಿ ಓದು ಎಂದೆ. ಮಗ ಮನೆಗೆ ಹೊರಡುವ ಮುಂಚೆ ಅಪ್ಪನಿಗೆ ಹೇಳಬೇಕಾದ ಮಾತನ್ನು ಕಟ್ಟಿಕೊಳ್ಳುತ್ತಾನೆ: ಪಾಪ ಮಾಡಿದ್ದೇನೆ, ಮಗ ಅನ್ನಿಸಿಕೊಳ್ಳಲು ಯೋಗ್ಯನಲ್ಲ, ನಿನ್ನ ಕೂಲಿಯಾಳುಗಳಲ್ಲಿ ಒಬ್ಬನಂತೆ ಇಟ್ಟುಕೋ. ಅಪ್ಪನ ಮುಂದೆ ನಿಂತಾಗ ಏನು ಹೇಳಿದ, ಎರಡನ್ನೂ ಹೋಲಿಸಿ ನೋಡು ಎಂದೆ. ಓದಿದಳು. ಮತ್ತೆ ಓದಿದಳು. "ಕೂಲಿ ಮಾತು ಎಲ್ಲಿ ಹೋಯ್ತು?" ಎಂದಳು. 21ನೇ ವಚನದಲ್ಲಿ ಅದು ಇಲ್ಲ. ಮಗ ಬಾಯಿ ತೆರೆಯುವ ಮುಂಚೆಯೇ ಅಪ್ಪ ಓಡಿಬಂದು ತಬ್ಬಿಕೊಂಡಾಗಿತ್ತು. ಆ ಮಾತಿಗೆ ಬರುವಷ್ಟರಲ್ಲಿ ನಿಲುವಂಗಿ, ಉಂಗುರ, ಜೋಡು ತರಲು ಹೇಳಿದ. ಆಕೆ ತುಂಬಾ ಹೊತ್ತು ಅತ್ತಳು. "ನಾನು ದಿನಾ ಕೂಲಿ ಮಾಡ್ತಾ ಇದ್ದೀನಿ" ಎಂದಳು.

ಆಮೇಲೆ ಕೊಟ್ಟ ಸಲಹೆ ಸರಳ. ರಾತ್ರಿ ಪ್ರಾರ್ಥನೆ ಒಂದೇ ಸಲ. ಮನಸ್ಸು ಓಡಿದರೂ, ಹೆಸರು ಬಿಟ್ಟರೂ, ಆಮೆನ್ ಅಂದ ಮೇಲೆ ಮುಗಿಯಿತು. ಎದೆ ಡವಡವ ಅಂದರೆ ಅನ್ನಲಿ, ಏಳಬೇಡ. ಬೆಳಿಗ್ಗೆ ಐದು ನಿಮಿಷ ಏನೂ ಕೇಳದೆ, ಏನೂ ಒಪ್ಪಿಸದೆ ದೇವರ ಮುಂದೆ ಕೂತಿರು. ಮಾತು ಬೇಕೇಬೇಕು ಅನ್ನಿಸಿದರೆ 56ನೇ ಕೀರ್ತನೆಯ 3ನೇ ವಚನ ಸಾಕು: ನನಗೆ ಹೆದರಿಕೆಯಾದಾಗ ನಿನ್ನನ್ನೇ ನಂಬುತ್ತೇನೆ. ಹೆದರಿಕೆ ಬಂದೇ ಬರುತ್ತದೆ ಎಂದು ಒಪ್ಪಿಕೊಂಡೇ ಆ ಕೀರ್ತನೆ ಮಾತಾಡುತ್ತದೆ. ಯೇಸುವಿನ ದೀಕ್ಷಾಸ್ನಾನದ ಭಾಗವನ್ನೂ ಓದಲು ಕೊಟ್ಟೆ. ಮಾರ್ಕನ ಸುವಾರ್ತೆಯಲ್ಲಿ ಆತನು ಒಂದು ಅದ್ಭುತವನ್ನೂ ಮಾಡುವ ಮುಂಚೆ, ಒಂದು ಉಪದೇಶವನ್ನೂ ಕೊಡುವ ಮುಂಚೆ 'ನನ್ನ ಪ್ರಿಯ ಮಗ' ಎಂಬ ದನಿ ಬರುತ್ತದೆ.

ಆ ಐದು ನಿಮಿಷವೇ ಆಕೆಗೆ ಎಲ್ಲಕ್ಕಿಂತ ಕಷ್ಟವಾಯಿತು. ಕೈ ಖಾಲಿ ಇಟ್ಟುಕೊಂಡು ಕೂರಲು ನಾಚಿಕೆಯಾಗುತ್ತದೆ ಎಂದಳು. ಕೆಲವು ವಾರ ಚೆನ್ನಾಗಿ ನಡೆಯಿತು. ನಂತರ ಮಗುವನ್ನು ಆಸ್ಪತ್ರೆಗೆ ಸೇರಿಸಬೇಕಾಗಿ ಬಂತು. ಹಳೆಯದೆಲ್ಲ ಒಂದೇ ರಾತ್ರಿಯಲ್ಲಿ ವಾಪಸ್ ಬಂತು. ಫೋನ್ ಮಾಡಿದಳು. ಮತ್ತೆ ಒಂದೇ ಪ್ರಾರ್ಥನೆಗೆ ಬಾ ಎಂದೆ. ಮಾತ್ರೆ ಬಿಡಬೇಡ ಎಂದೆ. ಮಗು ಗುಣವಾಗಿದ್ದು ಆಕೆ ಸರಿಯಾಗಿ ಪ್ರಾರ್ಥಿಸಿದ್ದಕ್ಕೆ ಸಿಕ್ಕ ಬಹುಮಾನವೂ ಅಲ್ಲ, ಕಾಯಿಲೆ ಬಿದ್ದದ್ದು ಶಿಕ್ಷೆಯೂ ಅಲ್ಲ. ಇದನ್ನು ಆಕೆಯೇ ನನಗೆ ಹೇಳಿದಳು, ನಾನು ಹೇಳುವ ಮುಂಚೆ.

ಈಗ ನಿದ್ದೆ ಬರುತ್ತದೆ. ಗಂಡನನ್ನು ಆ ಪ್ರಶ್ನೆ ಕೇಳುವುದು ಪೂರ್ತಿ ನಿಂತಿಲ್ಲ, ಕಡಿಮೆಯಾಗಿದೆ. ಮಾತ್ರೆ ಯಾವಾಗ ಇಳಿಸಬೇಕು ಎನ್ನುವುದು ವೈದ್ಯರ ತೀರ್ಮಾನ. ಕಳೆದ ಭೇಟಿಯಲ್ಲಿ ಆಕೆ, ಅಪ್ಪನ ಬಗ್ಗೆ ಕೋಪ ಬರ್ತಿದೆ, ಮೊದಲು ಬರ್ತಿರಲಿಲ್ಲ, ಇದರ ಬಗ್ಗೆ ಮಾತಾಡಬಹುದಾ ಎಂದು ಕೇಳಿದಳು. ಮುಂದಿನ ಭೇಟಿಗಳನ್ನು ಅದಕ್ಕೇ ಇಟ್ಟುಕೊಂಡಿದ್ದೇವೆ.