ವೀಸಾದಲ್ಲಿದ್ದರೂ 15 ಗಂಟೆ ಉಚಿತ ನರ್ಸರಿ ಸಿಗುತ್ತದೆ

ಕೆಲಸಕ್ಕಾಗಿ ಕೊಡುವ ಸ್ಕಿಲ್ಡ್ ವರ್ಕರ್ ವೀಸಾದಲ್ಲಿ ಇಂಗ್ಲೆಂಡಿನ ಲೆಸ್ಟರ್‌ನಲ್ಲಿದ್ದೀರಿ, ಮಗಳಿಗೆ ನವೆಂಬರ್‌ಗೆ 3 ತುಂಬುತ್ತದೆ, ನರ್ಸರಿ ಫೀಸಿಗೆ ಸರ್ಕಾರ ಏನಾದರೂ ಕೊಡುತ್ತಾ ಎಂದು ಕೇಳಿದ್ದೀರಿ. ಕೊಡುತ್ತದೆ. ಆದರೆ ಜಾಹೀರಾತಿನಲ್ಲಿ ಕಾಣುವ ಎಲ್ಲವೂ ನಿಮಗಲ್ಲ.

ನಿಮ್ಮಿಬ್ಬರ ವೀಸಾದಲ್ಲೂ ‘ನೋ ಪಬ್ಲಿಕ್ ಫಂಡ್ಸ್’ ಎಂದಿರುತ್ತದೆ, ಅಂದರೆ ಸರ್ಕಾರದ ಹಲವು ನೆರವು ನಿಮಗಿಲ್ಲ, ಅಲ್ವಾ? ಹಾಗಿದ್ದರೆ ದುಡಿಯುವ ಪೋಷಕರಿಗೆ ವಾರಕ್ಕೆ 30 ಗಂಟೆ ಉಚಿತ ನರ್ಸರಿ ಕೊಡುವ ಸೌಲಭ್ಯವೂ, ಮಗುವಿನ ಆರೈಕೆಗೆ ನೀವು ಹಾಕುವ ಪ್ರತಿ 8 ಪೌಂಡಿಗೆ ಸರ್ಕಾರ 2 ಪೌಂಡ್ ಸೇರಿಸುವ ಟ್ಯಾಕ್ಸ್ ಫ್ರೀ ಚೈಲ್ಡ್‌ಕೇರೂ ಸಿಗುವುದಿಲ್ಲ. ಸುಮ್ನೆ ಅರ್ಜಿ ಹಾಕಬೇಡಿ. ಇಬ್ಬರೂ ದುಡಿದು ತೆರಿಗೆ ಕಟ್ಟುತ್ತಿದ್ದರೂ ಹೀಗೇ. ನನಗಂತೂ ಇದು ಅನ್ಯಾಯ ಅನಿಸುತ್ತದೆ.

ಇಂಗ್ಲೆಂಡಿನಲ್ಲಿ 3 ಮತ್ತು 4 ವರ್ಷದ ಎಲ್ಲ ಮಕ್ಕಳಿಗೂ ಸಿಗುವ ವಾರಕ್ಕೆ 15 ಗಂಟೆಯ ಉಚಿತ ನರ್ಸರಿ ಮಾತ್ರ ನಿಮಗೂ ಇದೆ. ಅದಕ್ಕೆ ವೀಸಾ, ಸಂಬಳ ಯಾವುದೂ ಅಡ್ಡ ಬರುವುದಿಲ್ಲ. ಹುಟ್ಟುಹಬ್ಬದ ಮಾರನೇ ದಿನದಿಂದಲ್ಲ, ಮುಂದಿನ ಶಾಲಾ ಟರ್ಮ್‌ನಿಂದ, ಅಂದರೆ ನಿಮ್ಮ ಮಗಳಿಗೆ ಜನವರಿಯಿಂದ. ಇದಕ್ಕೆ 30 ಗಂಟೆಗೆ ಅರ್ಜಿ ಹಾಕಿ ಪಡೆಯುವಂಥ ಕೋಡ್ ಬೇಡ, ನೇರ ನರ್ಸರಿಯಲ್ಲೇ ಕೇಳಿ. ಮಗುವಿನ ಪಾಸ್‌ಪೋರ್ಟ್ ಜೊತೆಗಿರಲಿ.

ಈ ಗಂಟೆಗಳು ವರ್ಷಕ್ಕೆ 38 ವಾರದ ಲೆಕ್ಕ, ಒಟ್ಟು 570 ಗಂಟೆ. ಕೆಲವು ನರ್ಸರಿಗಳು ಅದನ್ನೇ ವರ್ಷಪೂರ್ತಿ ಹಂಚುತ್ತವೆ, ಆಗ ವಾರಕ್ಕೆ ಸುಮಾರು 11 ಗಂಟೆ ಬರುತ್ತದೆ. ಊಟ, ಡೈಪರ್‌ಗೆ ಬೇರೆ ದುಡ್ಡು ಕೇಳುತ್ತಾರೆ. ಡಬ್ಬಿ ಕಟ್ಟಿ ಕಳಿಸಬಹುದಾ ಎಂದು ಸೇರಿಸುವ ಮುಂಚೆಯೇ ಕೇಳಿಕೊಳ್ಳಿ.