ರೆಸ್ಟ್ರಿಕ್ಷನ್ ಕಿಣ್ವದ 'ನಿರ್ಬಂಧ' ಯಾರ ಮೇಲೆ?

ರೆಸ್ಟ್ರಿಕ್ಷನ್ ಎಂಜೈಮ್ ನಿಗದಿತ ಜಾಗ ಬಿಟ್ಟು ಬೇರೆಲ್ಲೂ ಡಿಎನ್‌ಎಯನ್ನು ಕತ್ತರಿಸದಿರುವುದರಿಂದ ಅದನ್ನು 'ನಿರ್ಬಂಧಿತ ಕಿಣ್ವ' ಎನ್ನಬಹುದೇ, ಇಲ್ಲವೇ 'ಆಣ್ವಿಕ ಕತ್ತರಿ' ವಾಸಿಯೇ ಎಂದು ಕೇಳಿದ್ದೀರಿ. ಇದೇ ಅರ್ಥವನ್ನು ನಂಬಿ ನಾನು ಎಂ.ಎಸ್ಸಿ. ಪ್ರಾಜೆಕ್ಟಿನ ಎರಡು ತಿಂಗಳನ್ನು ಕಳೆದುಕೊಂಡಿದ್ದೇನೆ.

ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವನಾದ್ದರಿಂದ ಇಂಗ್ಲಿಷ್ ಪದ ಎದುರಾದಾಗಲೆಲ್ಲ ಪುಸ್ತಕದ ಅಂಚಿನಲ್ಲಿ ಕನ್ನಡದ ಅರ್ಥ ಬರೆದುಕೊಳ್ಳುವುದು ನನ್ನ ರೂಢಿಯಾಗಿತ್ತು. ಈ ಪದದ ಪಕ್ಕದಲ್ಲಿ 'ನಿರ್ಬಂಧಿತ' ಎಂದು ಬರೆದಿದ್ದೆ. ಸುಮಾರು 3,000 ಬೇಸ್ ಜೋಡಿಗಳ (ಬೇಸ್ ಎಂದರೆ ಡಿಎನ್‌ಎಯ ಒಂದು ಅಕ್ಷರ) ಪ್ಲಾಸ್ಮಿಡ್‌ನೊಳಗೆ, ಅಂದರೆ ಬ್ಯಾಕ್ಟೀರಿಯಾದಲ್ಲಿರುವ ಉಂಗುರದಂಥ ಸಣ್ಣ ಡಿಎನ್‌ಎಯೊಳಗೆ, 1,200 ಬೇಸ್ ಜೋಡಿಗಳ ಒಂದು ಜೀನನ್ನು ಸೇರಿಸಿದ್ದೆ. ಈಕೋ ಆರ್ ಒನ್ ಎಂಬ ರೆಸ್ಟ್ರಿಕ್ಷನ್ ಕಿಣ್ವದಿಂದ ಕತ್ತರಿಸಿದರೆ, ಡಿಎನ್‌ಎ ತುಂಡುಗಳನ್ನು ಗಾತ್ರದಂತೆ ಬೇರ್ಪಡಿಸುವ ಜೆಲ್ ಮೇಲೆ ಪ್ಲಾಸ್ಮಿಡ್‌ನದೊಂದು, ಜೀನಿನದೊಂದು, ಹೀಗೆ ಎರಡೇ ಪಟ್ಟಿಗಳು ಕಾಣಬೇಕು. 20 ಮೈಕ್ರೋಲೀಟರಿನ ಮಿಶ್ರಣಕ್ಕೆ 1 ಮೈಕ್ರೋಲೀಟರ್ ಕಿಣ್ವ ಹಾಕಿ ಒಂದು ಗಂಟೆ ಇಟ್ಟಾಗ ಡಿಎನ್‌ಎ ಅರ್ಧಂಬರ್ಧ ಕತ್ತರಿಸಿತ್ತು. ಹೇಗೂ ಇದು ನಿರ್ಬಂಧಿತವಾದದ್ದು, ತನ್ನ ಜಾಗ ಬಿಟ್ಟು ಆಚೆ ಹೋಗದು, ಹೆಚ್ಚು ಹಾಕಿದರೆ ನಷ್ಟವೇನು ಎಂದುಕೊಂಡು 5 ಮೈಕ್ರೋಲೀಟರ್ ಸುರಿದು, 37 ಡಿಗ್ರಿಯಲ್ಲಿ ರಾತ್ರಿಯಿಡೀ ಬಿಟ್ಟು ಮನೆಗೆ ಹೋದೆ. ಮರುದಿನ ಬೆಳಿಗ್ಗೆ ಯುವಿ ಬೆಳಕಿನಲ್ಲಿ ನೋಡಿದರೆ ಬೇಕಾದ ಎರಡು ಪಟ್ಟಿಗಳು ಮಸುಕಾಗಿದ್ದು, ಅವುಗಳ ಕೆಳಗೆ ಇನ್ನೂ ನಾಲ್ಕೈದು ಪಟ್ಟಿಗಳಿದ್ದವು.

ಕಿಣ್ವ ತಪ್ಪುವುದಿಲ್ಲವಾದ್ದರಿಂದ ಡಿಎನ್‌ಎಯೇ ತಪ್ಪಿರಬೇಕು ಎಂದು ತೀರ್ಮಾನಿಸಿ, ಆ ಪ್ಲಾಸ್ಮಿಡ್ ಹೊತ್ತ ಬ್ಯಾಕ್ಟೀರಿಯಾದ ಕಾಲೊನಿಗಳಿದ್ದ ಪ್ಲೇಟುಗಳನ್ನೆಲ್ಲ ಆಟೋಕ್ಲೇವ್ ಮಾಡಿ ಬಿಸಾಡಿದೆ. ಜೀನನ್ನು ಸೇರಿಸುವ ಕೆಲಸ ಮೊದಲಿನಿಂದ ಶುರುವಾಯಿತು.

ಆ 5 ಮೈಕ್ರೋಲೀಟರಿನ ಲೆಕ್ಕವನ್ನು ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ. ಈ ಕಿಣ್ವ ಶೇ. 50ರಷ್ಟು ಗ್ಲಿಸರಾಲ್ ಇರುವ ದ್ರಾವಣದಲ್ಲಿ ಬರುತ್ತದೆ. ಹಾಗಿರುವುದರಿಂದಲೇ ಮೈನಸ್ 20 ಡಿಗ್ರಿಯಲ್ಲೂ ಅದು ಗಟ್ಟಿಯಾಗುವುದಿಲ್ಲ. 20ರಲ್ಲಿ 5 ಅದೇ ಆದರೆ ಮಿಶ್ರಣದಲ್ಲಿ ಗ್ಲಿಸರಾಲ್ ಶೇ. 12.5ಕ್ಕೆ ಏರುತ್ತದೆ, ಆದರೆ ಅದು ಶೇ. 5ನ್ನು ಮೀರಬಾರದು. ಒಟ್ಟು ಮಿಶ್ರಣದ ಹತ್ತರಲ್ಲಿ ಒಂದು ಭಾಗಕ್ಕಿಂತ ಹೆಚ್ಚು ಕಿಣ್ವ ಹಾಕಬಾರದೆಂಬ ನಿಯಮ ಹುಟ್ಟಿದ್ದು ಇಲ್ಲಿಂದಲೇ. ಒಂದು ಗಂಟೆಯಲ್ಲಿ 1 ಮೈಕ್ರೋಗ್ರಾಮ್ ಡಿಎನ್‌ಎಯನ್ನು ಪೂರ್ತಿ ಕತ್ತರಿಸುವ ಪ್ರಮಾಣವೇ ಒಂದು ಯೂನಿಟ್. ನನ್ನ ಬಳಿ ಇದ್ದದ್ದು ಅರ್ಧ ಮೈಕ್ರೋಗ್ರಾಮ್, ನಾನು ಹಾಕಿದ್ದು 50 ಯೂನಿಟ್. ಹೀಗೆ ಗ್ಲಿಸರಾಲ್, ಕಿಣ್ವ, ಸಮಯ ಮೂರೂ ಅತಿಯಾದಾಗ ಈಕೋ ಆರ್ ಒನ್ ತನ್ನ ಆರಕ್ಷರದ ಜಿಎಎಟಿಟಿಸಿ ಗುರುತನ್ನು ಸಡಿಲಿಸಿ, ಒಳಗಿನ ಎಎಟಿಟಿ ಸಿಕ್ಕಲ್ಲೂ ಕತ್ತರಿ ಹಾಕತೊಡಗುತ್ತದೆ. ಆರಕ್ಷರದ ಗುರುತು ಸರಾಸರಿ 4,096 ಬೇಸ್‌ಗಳಿಗೊಮ್ಮೆ ಸಿಕ್ಕರೆ, ನಾಲ್ಕಕ್ಷರದ್ದು 256ಕ್ಕೊಮ್ಮೆ ಸಿಗುತ್ತದೆ. ಇದಕ್ಕೆ ಸ್ಟಾರ್ ಆಕ್ಟಿವಿಟಿ ಎನ್ನುತ್ತಾರೆ, ಕಿಣ್ವದ ಹೆಸರಿನ ಪಕ್ಕ ನಕ್ಷತ್ರ ಚಿಹ್ನೆ ಹಾಕಿ ತೋರಿಸುವುದರಿಂದ. 1975ರಲ್ಲೇ ವರದಿಯಾಗಿದ್ದ ವಿಷಯವನ್ನು ನಾನು ಓದಿರಲಿಲ್ಲ.

ಇನ್ನು ಹೆಸರಿನ ವಿಷಯ. 1950ರ ದಶಕದ ಆರಂಭದಲ್ಲಿ, ಒಂದು ಬಗೆಯ ಬ್ಯಾಕ್ಟೀರಿಯಾದಲ್ಲಿ ಬೆಳೆದ ವೈರಸ್ ಇನ್ನೊಂದು ಬಗೆಯದರಲ್ಲಿ ಸರಿಯಾಗಿ ಬೆಳೆಯದಿರುವುದು ಕಂಡುಬಂದಿತ್ತು. ವೈರಸ್ಸಿನ ಬೆಳವಣಿಗೆಗೆ ಬಿದ್ದ ಈ ತಡೆಯೇ ರೆಸ್ಟ್ರಿಕ್ಷನ್. ಬ್ಯಾಕ್ಟೀರಿಯಾ ತನ್ನ ಡಿಎನ್‌ಎಗೆ ಮೀಥೈಲ್ ಎಂಬ ರಾಸಾಯನಿಕ ಗುರುತು ಹಾಕಿ ಕಾಪಾಡಿಕೊಂಡು, ಗುರುತಿಲ್ಲದ ಪರಕೀಯ ಡಿಎನ್‌ಎಯನ್ನು ಈ ಕಿಣ್ವದಿಂದ ತುಂಡರಿಸುತ್ತದೆ. ಈ ಕಿಣ್ವಗಳನ್ನು ಕಂಡುಹಿಡಿದು ಬಳಕೆಗೆ ತಂದ ವರ್ನರ್ ಆರ್ಬರ್, ಹ್ಯಾಮಿಲ್ಟನ್ ಸ್ಮಿತ್, ಡೇನಿಯಲ್ ನೇಥನ್ಸ್ ಅವರಿಗೆ 1978ರ ನೊಬೆಲ್ ಬಂತು. ಆದ್ದರಿಂದ ಇಲ್ಲಿ ನಿರ್ಬಂಧಿತವಾಗಿರುವುದು ವೈರಸ್; ಕಿಣ್ವ ನಿರ್ಬಂಧಕ. ಶಿಕ್ಷಿತ, ಶಿಕ್ಷಕ ಎಂಬ ಪದಗಳ ನಡುವೆ ಇರುವಷ್ಟೇ ಅಂತರ ಇಲ್ಲಿಯೂ ಇದೆ. ನಿಗದಿತ ಜಾಗದ ಕಾರಣಕ್ಕೆ ಹೆಸರು ಬಂದಿದ್ದರೆ, ತಾನು ಗುರುತಿಸಿದ ಜಾಗದಿಂದ ಸಾವಿರಾರು ಬೇಸ್‌ಗಳಾಚೆ ಎಲ್ಲೆಂದರಲ್ಲಿ ಕತ್ತರಿಸುವ ಟೈಪ್ ಒನ್ ಎಂಬ ಕಿಣ್ವಗಳ ಗುಂಪಿಗೆ ಅದೇ ಹೆಸರು ಇರುತ್ತಿರಲಿಲ್ಲ.

'ಆಣ್ವಿಕ ಕತ್ತರಿ' ನನಗೆ ಸ್ವಲ್ಪವೂ ಹಿಡಿಸದು. ಡಿಎನ್‌ಎ ಕತ್ತರಿಸುವ ಯಾವ ಕಿಣ್ವಕ್ಕಾದರೂ ಅದು ಸಲ್ಲುತ್ತದೆ. ಪರೀಕ್ಷೆಯಲ್ಲಿ ಕನ್ನಡ ಪದವೇ ಬೇಕಿದ್ದರೆ 'ನಿರ್ಬಂಧಕ ಕಿಣ್ವ' ಎಂದು ಬರೆಯಿರಿ, ಉಳಿದಂತೆ 'ರೆಸ್ಟ್ರಿಕ್ಷನ್ ಕಿಣ್ವ' ಸಾಕು.

ನನ್ನ ಹಳೆಯ ಕಾಲೊನಿಗಳಲ್ಲಿ ಒಂದರ ಬ್ಯಾಕ್ಟೀರಿಯಾ ಅದೃಷ್ಟವಶಾತ್ ಫ್ರೀಜರಿನಲ್ಲಿ ಉಳಿದಿತ್ತು. ಎರಡು ತಿಂಗಳ ನಂತರ ಅದರ ಡಿಎನ್‌ಎಯನ್ನು ಮಾರ್ಗದರ್ಶಕರ ಮುಂದಿಟ್ಟಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: "70 ಪರ್ಸೆಂಟ್ ಆಲ್ಕೋಹಾಲಿನಲ್ಲಿ ತೊಳೆದು, ಚೆನ್ನಾಗಿ ಒಣಗಿಸಿದ್ದೀಯೇನಪ್ಪಾ?" ಮೊದಲ ಸಲ ಅರ್ಧಂಬರ್ಧ ಕತ್ತರಿಸಲು ಡಿಎನ್‌ಎಯಲ್ಲಿ ಉಳಿದಿದ್ದ ಉಪ್ಪೇ ಕಾರಣವಾಗಿತ್ತು. ತೊಳೆದು, ಒಣಗಿಸಿ, 1 ಮೈಕ್ರೋಲೀಟರ್ ಹಾಕಿ ಒಂದು ಗಂಟೆ ಬಿಟ್ಟೆ. ಜೆಲ್ ಮೇಲೆ ಎರಡೇ ಪಟ್ಟಿಗಳು ಬಂದವು.