ಪಾತಿ ದೋಣಿ ಎಳೆದಿಡಬೇಕಾ, ಅಕ್ಕೋರೇ?

ಪ್ರಶ್ನೆ: ಅಕ್ಕೋರೇ, ಅಪ್ಸರಕೊಂಡ–ಮುಗಳಿ ಕಡಲನ್ನು ವನ್ಯಜೀವಿ ಧಾಮ ಮಾಡಿದ ಮೇಲೆ ನಮ್ಮ ಕೇರಿಯಲ್ಲಿ ದಿನಾ ಇದೇ ಮಾತು. ನನ್ನ ಹತ್ರ ಇರೋದು ಒಂದು ಪಾತಿ, ಅಂದ್ರೆ ಸಣ್ಣ ನಾಡದೋಣಿ, ಬಂಗಡೆ ಬಲೆ. ಅದನ್ನೂ ಇಳಿಸಬೇಡಿ ಅಂದ್ರೆ ಮನೆ ನಡೆಸೋದು ಹೇಗೆ? ಆಮೆ ಉಳಿಸೋಕೆ ನಾವು ಸಾಯಬೇಕಾ?
– ಹೊನ್ನಾವರ ತಾಲ್ಲೂಕಿನ ಓದುಗ

ಉತ್ತರ: ತಮ್ಮಾ, ಸಿಟ್ಟು ಸಹಜ. ಆದರೆ ಕಡಲು ಬರಿದಾಗಿದ್ದು ಆಮೆಯಿಂದಲ್ಲ, ನಿನ್ನ ಪಾತಿಯಿಂದಲೂ ಅಲ್ಲ. ನಮ್ಮ ಅಪ್ಪ ರಂಪಣಿ, ಅಂದರೆ ದಡದಿಂದ ಎಳೆಯುವ ದೊಡ್ಡ ಬಲೆ, ಎಳೆಯುತ್ತಿದ್ದವರು. ಒಂದು ಬಲೆಗೆ ಕೇರಿಗೆ ಕೇರಿಯೇ ಹಗ್ಗ ಹಿಡಿಯುತ್ತಿತ್ತು, ಹಗ್ಗ ಹಿಡಿದವರಿಗೆಲ್ಲ ಪಾಲು. 1970ರ ದಶಕದ ಕೊನೆಗೆ ಪರ್ಸೀನ್ ಬೋಟುಗಳು ಬಂದವು. ಬಂಗಡೆ ಹಿಂಡು ದಡಕ್ಕೆ ಬರುವ ಮೊದಲೇ ಸುತ್ತು ಹಾಕಿ ಎತ್ತಿಬಿಡುತ್ತಿದ್ದವು. ನಮ್ಮ ಬಲೆ ಅಟ್ಟದ ಮೇಲೆ ಇಲಿ ಪಾಲಾಯಿತು. ಹಾಗಾಗಿ ಪಾತಿಯನ್ನೂ ಪರ್ಸೀನನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ನಿಯಮವನ್ನು ನಾನೂ ಒಪ್ಪುವುದಿಲ್ಲ.

ಕಾಯ್ದೆಯಲ್ಲಿ ನಿನಗೆ ಹಿಡಿದುಕೊಳ್ಳಲು ಒಂದು ಕೊಂಡಿ ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 26ಎ ಕಲಮು ನೋಡು. ಸ್ಥಳೀಯ ಮೀನುಗಾರರ ಕಸುಬಿನ ಹಿತ ಕಾಯುವ ಕ್ರಮ ತೆಗೆದುಕೊಂಡೇ ಕಡಲಿನ ಗಡಿ ಗೊತ್ತು ಮಾಡಬೇಕು ಅನ್ನುತ್ತದೆ ಅದು. ದೋಣಿ ನೋಡಿ ನಿಯಮ ಮಾಡೋದು ಸರ್ಕಾರಕ್ಕೆ ಹೊಸದೂ ಅಲ್ಲ. ಜೂನ್ 1ರಿಂದ ಜುಲೈ 31ರವರೆಗೆ ದೊಡ್ಡ ಬೋಟುಗಳನ್ನು ಕಟ್ಟಿಹಾಕುತ್ತಾರೆ, 10 ಅಶ್ವಶಕ್ತಿವರೆಗಿನ ಎಂಜಿನ್ ಇರುವ ನಾಡದೋಣಿಗೆ ಬಿಡುತ್ತಾರೆ ಅಲ್ವಾ? ಧಾಮದಲ್ಲೂ ಅದೇ ಲೆಕ್ಕ ಕೇಳಿ.

ಕೇಳೋದು ಹೇಗೆ? ಸುಮ್ನೆ ಬ್ಯಾನರ್ ಹಿಡಿದರೆ ಪೇಪರಿನಲ್ಲಿ ಫೋಟೊ ಬರುತ್ತದೆ, ಅಷ್ಟೇ. ಸಂಘದಲ್ಲಿ ಕೂತು ಬರೆಯಿರಿ. ಯಾವ ಬಲೆ, ಅದರ ಕಣ್ಣು ಎಷ್ಟು ಅಗಲ, ಯಾವ ತಿಂಗಳು, ಎಲ್ಲಿ ಬಿಡುತ್ತೀರಿ, ದೋಣಿ ಎಲ್ಲಿ ಎಳೆದಿಡುತ್ತೀರಿ. ಮೀನು ಒಣಗಿಸುವ ಜಾಗವನ್ನು ಹೆಂಗಸರನ್ನು ಕೇಳಿಯೇ ಬರೆಯಿರಿ. ಗಂಡಸರು ಬರೆದ ಅರ್ಜಿಯಲ್ಲಿ ಅದು ಬಿಟ್ಟೇ ಹೋಗುತ್ತದೆ. ಅರಣ್ಯ ಇಲಾಖೆ, ಮೀನುಗಾರಿಕೆ ಇಲಾಖೆ, ಜಿಲ್ಲಾಧಿಕಾರಿ ಕಚೇರಿ, ಮೂರೂ ಕಡೆ ಕೊಟ್ಟು ಪ್ರತಿಗೆ ಸೀಲು ಹಾಕಿಸಿಕೊಳ್ಳಿ.

ಇನ್ನು ಆಮೆ. ಇಲ್ಲಿ ನಿನ್ನ ಮೇಲೂ ಭಾರ ಇದೆ. ಕಡಲಾಮೆ ಮೀನಿನ ಹಾಗಲ್ಲ, ಉಸಿರಿಗೆ ಮೇಲೆ ಬರಲೇಬೇಕು. ರಾತ್ರಿ ಬಿಟ್ಟ ಬಲೆಯನ್ನು ಬೆಳಗಿನವರೆಗೆ ನೋಡದಿದ್ದರೆ ಸಿಕ್ಕಿಬಿದ್ದದ್ದು ಮುಳುಗಿ ಸಾಯುತ್ತದೆ. ಜೀವಂತ ಸಿಕ್ಕರೂ ನೈಲಾನ್ ದಾರ ಮುಂಗಾಲಿನ ಬುಡಕ್ಕೆ ಸುತ್ತಿ, ಚರ್ಮದೊಳಗೆ ಇಳಿದಿರುತ್ತದೆ. ಎಳೆದಷ್ಟೂ ಬಿಗಿ. ಬಲೆ ಉಳಿಸುವ ಆಸೆಗೆ ಗಂಟು ಬಿಡಿಸುತ್ತಾ ಕೂರಬೇಡ, ಚೂರಿಯಿಂದ ಬಲೆಯನ್ನೇ ಕತ್ತರಿಸು.

ಬಲೆಯ ದುಡ್ಡು ಯಾರು ಕೊಡುತ್ತಾರೆ ಅಂತೀಯಾ? ಮಹಾರಾಷ್ಟ್ರದಲ್ಲಿ 2018ರಿಂದ ಸರ್ಕಾರವೇ ಕೊಡುತ್ತಿದೆ. ಸಂರಕ್ಷಿತ ಜೀವಿಯನ್ನು ಬಿಡಿಸಲು ಬಲೆ ಕತ್ತರಿಸಿದರೆ ₹25,000ವರೆಗೆ ಪರಿಹಾರ. ನಮ್ಮ ಗಡಿಯ ಮಾಜಾಳಿ ದಾಟಿ, ಗೋವಾ ದಾಟಿದರೆ ಅದೇ ಕಡಲು, ಅದೇ ಆಮೆ. ನಮ್ಮಲ್ಲೂ ಕೊಡಿ ಅಂತ ಅರ್ಜಿಯಲ್ಲಿ ಸೇರಿಸಿ.

ಮೊಟ್ಟೆ ಇಡುವ ತಿಂಗಳುಗಳಲ್ಲಿ ದಡದಲ್ಲಿ ಜೋರು ಲೈಟು ಬೇಡ. ಮರಿಗಳು ನೀರು ಬಿಟ್ಟು ಬೆಳಕಿನ ಕಡೆ ಹೊರಡುತ್ತವೆ. ಇದು ನಿನಗಿಂತ ಜಾಸ್ತಿ ರೆಸಾರ್ಟಿನವರಿಗೆ ಹೇಳಬೇಕಾದ ಮಾತು. ಅರ್ಜಿಯಲ್ಲಿ ಅವರ ಲೈಟಿನ ವಿಷಯಕ್ಕೂ ಒಂದು ಸಾಲು ಇರಲಿ.